ಕಮಲಾತಾಳ್ ಮಾತಾಡುತ್ತಾಳೆ

ನಗು ಊಟದ ಹಾಲ್‌ನ ಕಡೆಯಿಂದ ಬಂತು. ಬಸುರಿ ಹುಡುಗಿಯ ಕೈಗೆ ಬಳೆ ತೊಡಿಸುತ್ತಿದ್ದ ಮುತ್ತೈದೆಯೊಬ್ಬಳ ಬೆರಳುಗಳ ಮೇಲೆ ಶಿವಲಿಂಗಂ ಕ್ಯಾಮೆರಾ ಹಿಡಿದಿದ್ದ. ಕೈ ಅಲುಗಲಿಲ್ಲ, ಕಿವಿ ಮಾತ್ರ ಅತ್ತ ಹೋಯಿತು. ಮೊದಲು ಒಂದು ಸಣ್ಣ ಕಿಸಕ್, ಆಮೇಲೆ ಯಾರೋ ಶ್ ಅಂದದ್ದು, ಆಮೇಲೆ ಇಡೀ ಪಂಕ್ತಿ ಒಟ್ಟಿಗೆ ನಕ್ಕದ್ದು. ಆ ನಗುವಿನ ಏರಿಳಿತ ಅವನಿಗೆ ಬಾಯಿಪಾಠವಾಗಿಹೋಗಿತ್ತು. ವಿಡಿಯೋದಲ್ಲಿ ಬೀರುವಿನ ಮಾತಿಗೆ ಬಂದಿದ್ದಾರೆ ಅಂದುಕೊಂಡ. ಇನ್ನು ಸ್ವಲ್ಪ ಹೊತ್ತಿಗೆ ಎರಡನೆಯ ನಗು ಬರುತ್ತದೆ, ಮೊದಲನೆಯದಕ್ಕಿಂತ ದೊಡ್ಡದು, ಎಂದು ಕಾದ. ಬಂತು. ಬಳೆ ತೊಡಿಸುತ್ತಿದ್ದ ಹೆಂಗಸೂ ಅತ್ತ ತಿರುಗಿ ನಕ್ಕಳು. ಅವಳ ಬೆರಳು ಚೌಕಟ್ಟಿನಿಂದ ಜಾರಿತು. "ಇತ್ತ ನೋಡಿಯಮ್ಮಾ" ಎಂದು ಶಿವಲಿಂಗಂ ತಮಿಳಿನಲ್ಲಿ ಗದರಿದ. ಗದರಿದ್ದು ಸ್ವಲ್ಪ ಜೋರಾಯಿತು. ಬಸುರಿ ಹುಡುಗಿ ತಲೆಯೆತ್ತಿ ಅವನನ್ನು ನೋಡಿದಳು. ನೋಡಿದವಳ ಕಣ್ಣು ಅರಳಿತು. "ನೀವು ಆ ವಿಡಿಯೋ ಅಜ್ಜಿ ಮಗನಾ ಅಂಗ? ನಮ್ಮ ಮನೇಲಿ ದಿನಾ ನೋಡ್ತೀವಿ" ಎಂದು, ತಮಿಳರ ಮರ್ಯಾದೆಯ 'ಅಂಗ' ಸೇರಿಸಿ, ಮನೆಮಾತಾದ ಕನ್ನಡದಲ್ಲೇ ಕೇಳಿದಳು. ಹೌದೆಂದ. ಏನು ಹೌದು ಎಂದು ಒಳಗೆ ಯಾರೋ ಕೇಳಿದಂತಾಯಿತು. ಅಜ್ಜಿಯ ಮಗ. ಇಪ್ಪತ್ತು ವರ್ಷ ಈ ಸಿರುಮುಗೈ, ಮೆಟ್ಟುಪಾಳ್ಯಂ ಸುತ್ತಿನ ಅಷ್ಟೂ ಮದುವೆಗಳನ್ನು ಕಣ್ಣಲ್ಲಿ ಹಿಡಿದವನು ಈಗ ಅಜ್ಜಿಯ ಮಗ.

ಊಟದ ಹಾಲ್‌ನಲ್ಲಿ ಯಾರದೋ ಫೋನಿನಲ್ಲಿ ಓಡುತ್ತಿದ್ದದ್ದು ಅವನದೇ ಚಿತ್ರ. ಅವನು ತೆಗೆದದ್ದು, ಅವನು ಬೆಳಕಿಗಾಗಿ ಕಾದದ್ದು, ಅವನು ಕತ್ತರಿಸಿ ಜೋಡಿಸಿದ್ದು. ಮೂರು ವರ್ಷದ ಹಿಂದೆ, ಮುಹೂರ್ತಗಳಿಲ್ಲದ ಆಷಾಢದಲ್ಲಿ, ತನ್ನ ಕೇರಿಯ ಕೊನೆಯ ಕೈಮಗ್ಗಗಳ ಬಗ್ಗೆ ಒಂದು ಚಿತ್ರ ಮಾಡಬೇಕೆಂದು ಅವನಿಗೆ ತೋರಿತ್ತು. ಯಾರೂ ಕೇಳಿರಲಿಲ್ಲ, ದುಡ್ಡು ಕೊಡುವವರೂ ಯಾರಿರಲಿಲ್ಲ. ಹಜಾರದಲ್ಲಿ ಅವನ ಅವ್ವ ಪೆರಿಯನಾಯಕಿಯೂ ಪಕ್ಕದ ಮನೆಯ ಕಮಲಾತಾಳೂ ಎದುರುಬದುರು ಕೂತು ರಾಟೆಯಲ್ಲಿ ರೇಷ್ಮೆ ಸುತ್ತುತ್ತಿದ್ದರು. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲು ಇಬ್ಬರ ನಡುವೆ ನಿಂತಿತ್ತು, ನೂಲು ಅದರೊಳಗೆ ಹೋದಾಗಲೆಲ್ಲ ಹೊತ್ತಿಕೊಂಡಂತೆ ಕಾಣುತ್ತಿತ್ತು. ಇಂಥದೊಂದು ಬೆಳಕು ಮತ್ತೆ ಸಿಗುವುದಿಲ್ಲ ಎಂದು ಗೊತ್ತಿದ್ದವನು ಉಸಿರು ಹಿಡಿಯುತ್ತಾನಲ್ಲ, ಹಾಗೆ ಹಿಡಿದಿದ್ದ. ಆಮೇಲೆ ಚಿತ್ರಕ್ಕೆ ಒಂದು ಗಾಂಭೀರ್ಯ ಬೇಕೆಂದು ಮೈಸೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನವರೊಬ್ಬರ ಕೈಯಲ್ಲಿ ಒಳ್ಳೆಯ ಕನ್ನಡದ ಮಾತುಗಳನ್ನು ಬರೆಸಿದ. ಕನ್ನಡ ಅಕ್ಷರ ಅವನಿಗೆ ಬಾರದು. ಅವರು ಓದಿ ಹೇಳಿದ್ದನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು, ಸ್ಟುಡಿಯೋದ ಬಾಗಿಲು ಹಾಕಿ, ತಾನೇ ಓದಿದ. "ಶತಶತಮಾನಗಳ ಪರಂಪರೆಯ ಎಳೆಗಳನ್ನು ಈ ಜೀರ್ಣ ಹಸ್ತಗಳು..." ಅದರ ಕೆಳಗೆ ಒಂದು ಕೊಳಲು. ಹೆಂಗಸರ ಮಾತು, ರಾಟೆಯ ಕಿರ್ರು, ಬೀದಿಯ ನಾಯಿ, ಎಲ್ಲ ತೆಗೆದುಹಾಕಿದ. ಚಿತ್ರ ನೀರಿನೊಳಗಿನ ಕಲ್ಲಿನಂತೆ ಶುದ್ಧವಾಯಿತು. ಯೂಟ್ಯೂಬಿಗೆ ಹಾಕಿದ. ನೋಡಿದವರು ಎಷ್ಟು ಮಂದಿ ಎಂದು ದಿನಾ ನೋಡಿದವನು ಅವನೊಬ್ಬನೇ. ಕೇರಿಯವರು, ಚೆನ್ನಾಗಿದೆ ಆದರೆ ಏನು ಹೇಳ್ತಿದೀಯೋ ಅರ್ಥವಾಗಲಿಲ್ಲ, ಅಂದರು. ಕರ್ನಾಟಕದವನೊಬ್ಬ, ಉಚ್ಚಾರಣೆ ಕಲಿತು ಬನ್ನಿ ಸಾರ್, ಎಂದು ಕೆಳಗೆ ಬರೆದು ಹೋದ. ಅದನ್ನು ಓದಿ ಹೇಳಿದ್ದೂ ಆ ಬ್ಯಾಂಕಿನವರೇ. ಹೇಳುವಾಗ ಅವರು ನಗು ತಡೆದುಕೊಂಡದ್ದನ್ನು ಶಿವಲಿಂಗಂ ಕಂಡಿದ್ದ.

ಈಗ ಕಮಲಾತಾಳಿನ ಮೊಮ್ಮಗಳು ಅಭಿನಯಾ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಂಡು ಹಾಸ್ಟೆಲಿನಲ್ಲಿರುವ ಹುಡುಗಿ, ಅದೇ ಚಿತ್ರದಿಂದ ಆ ಬಿಸಿಲುಕೋಲಿನ ಭಾಗವನ್ನಷ್ಟೇ ಎತ್ತಿಕೊಂಡಿದ್ದಳು. ಕೊಳಲನ್ನೂ ಅವನ ದನಿಯನ್ನೂ ಒರೆಸಿ, ಇಬ್ಬರು ಮುದುಕಿಯರ ಬಾಯಿಗೂ ತಾನೇ ಮಾತು ಕೊಟ್ಟಿದ್ದಳು. ಮನೆಮಾತು. ಅರ್ಧ ತಮಿಳು ಬೆರೆತ, ಬೀದಿಯಲ್ಲಿ ಯಾರಾದರೂ ಕೇಳಿಸಿಕೊಂಡರೆ ಕೇರಿಯವರು ದನಿ ತಗ್ಗಿಸಿಕೊಳ್ಳುತ್ತಿದ್ದ ಆ ಕನ್ನಡ. "ಈ ಸೀರೇನ ಮದುವೆ ಹೆಣ್ಣು ಒಂದು ಬೆಳಗ್ಗೆ ಉಟ್ಕೋತಾಳೆ ಪೆರಿಯನಾಯಕಿ. ಆಮೇಲೆ ಸಾಯೋವರೆಗೂ ಅದು ಬೀರುವಲ್ಲಿ ಮಲಗಿರತ್ತೆ" ಎನ್ನುತ್ತಾಳೆ ಕಮಲಾತಾಳ್. "ಅದಕ್ಕೇನೀಗ?" ಎನ್ನುತ್ತಾಳೆ ಅವ್ವ. "ಅದಕ್ಕೇನಾ? ನೇಯ್ದೋರನ್ನೂ ಹಂಗೇ ಮಡಿಸಿ, ಒಂದು ನುಸಿಗುಳಿಗೆ ಹಾಕಿ, ಬೀರುವಲ್ಲಿ ಮಲಗಿಸಿದ್ರೆ ನಾನು ಬೇಡ ಅಂದೇನಾ ಅಂತ." ಅಲ್ಲಿ ಮೊದಲ ನಗು. ಲಕ್ಷಗಟ್ಟಲೆ ಜನ ನೋಡಿದ್ದರು. ಬೆಂಗಳೂರಿನವರು, ದಾವಣಗೆರೆಯವರು, ಇದು ಯಾವೂರ ಕನ್ನಡ ತಾಯಿ, ಎಷ್ಟು ಚೆಂದ, ಇನ್ನೂ ಹಾಕಿ, ಎಂದು ಬರೆದಿದ್ದರು. ಅವನ ಹೆಸರನ್ನು ಹುಡುಗಿ ಕೆಳಗೆ ಹಾಕಿದ್ದಳು, ಚಿತ್ರ ಶಿವಲಿಂಗಂ ಮಾಮಾ ಎಂದು. ಅದು ಅವನಿಗೆ ಹೆಚ್ಚು ಚುಚ್ಚಿತು. ಹೆಸರು ಹಾಕದಿದ್ದರೆ ಸಿಟ್ಟಿಗೊಂದು ನೆಲವಾದರೂ ಇರುತ್ತಿತ್ತು.

ಬಳೆಯ ಕಾರ್ಯ ಮುಗಿಸಿ ಊಟ ಮಾಡದೆ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಸತ್ಯಾ ಒಬ್ಬಳೇ ನಗುತ್ತಿದ್ದಳು. ಅವನನ್ನು ಕಂಡು ಫೋನನ್ನು ತಟ್ಟನೆ ಮಗುಚಿ ಇಟ್ಟಳು. ಹೆಂಡತಿ ಹಾಗೆ ಫೋನು ಮಗುಚುವುದನ್ನು ಕಂಡ ಬೇರೆ ಗಂಡಸಾಗಿದ್ದರೆ ಬೇರೇನೋ ಅನುಮಾನಿಸುತ್ತಿದ್ದ. ಅವನಿಗೆ ಆ ಅನುಮಾನವೇ ವಾಸಿ ಅನಿಸಿತು. ತನ್ನ ಚಿತ್ರವನ್ನು ಮೊದಲ ಸಲ ತೋರಿಸಿದಾಗ ಇದೇ ಸತ್ಯಾ, ಪಕ್ಕದಲ್ಲಿ ಕೂತು, ಕೊನೆಯವರೆಗೂ ನೋಡಿ, "ನಲ್ಲಾ ಇದೆ ಅಂಗ" ಎಂದು ಒಂದೇ ಮಾತಲ್ಲಿ ಹೊಗಳಿ, ದೋಸೆಹಿಟ್ಟು ರುಬ್ಬಲು ಎದ್ದುಹೋಗಿದ್ದಳು. ಅವಳು ಕಣ್ಣಲ್ಲಿ ನೀರು ಬರುವಂತೆ ನಗುವುದನ್ನು ಅವನು ಎಷ್ಟು ವರ್ಷದಿಂದ ನೋಡಿರಲಿಲ್ಲ! ಹೊರಗೆ ಜಗುಲಿಯಲ್ಲಿ ಅವ್ವ ಗೋಡೆಗೆ ಒರಗಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ಪೊರೆ ಬಂದ ಕಣ್ಣಿಗೆ ಆ ಸಣ್ಣ ಚಿತ್ರ ಅಷ್ಟಾಗಿ ಕಾಣದು. ಕಮಲಾತಾಳ್ ಹೋದ ತೈ ತಿಂಗಳಲ್ಲಿ, ಸಂಕ್ರಾಂತಿಯ ಹೊತ್ತಿಗೆ, ತೀರಿಕೊಂಡಿದ್ದಳು. ಅರವತ್ತು ವರ್ಷ ಎದುರುಬದುರು ಕೂತವಳು ಹೋದಮೇಲೆ ಅವ್ವ ರಾಟೆ ಮುಟ್ಟಿರಲಿಲ್ಲ, ಮಾತೂ ಕಡಿಮೆಯಾಗಿತ್ತು. ಈಗ ಗಂಟೆಗೊಮ್ಮೆ, "ಲಿಂಗೂ, ಕಮಲಾನ ಹಾಕು ಸಾಮಿ" ಎನ್ನುತ್ತಾಳೆ. ಹಾಕಿಕೊಟ್ಟರೆ ಕಿವಿಗಿಟ್ಟುಕೊಂಡು, ನಡುನಡುವೆ, "ಆಮಾ ಆಮಾ" ಎಂದು ಹೌದುಗುಟ್ಟುತ್ತಾಳೆ. ಹುಡುಗಿ ಅಜ್ಜಿಯ ದನಿಯನ್ನು ಅಷ್ಟು ಹತ್ತಿರ ತಂದಿದ್ದಳು, ಆ ಮೂಗಿನ ಎಳೆತ, ಮಾತಿನ ಕೊನೆಗೆ ನಾಲಗೆ ಲೊಚ್ಚೆನ್ನುವುದು ಕೂಡ. ಅವ್ವ ತನ್ನ ಮುಖವನ್ನು ಚಿತ್ರದಲ್ಲಿ ಹಿಡಿದ ಮಗನನ್ನು ಹೊಗಳಿರಲಿಲ್ಲ. ಅದನ್ನವನು ನಿರೀಕ್ಷಿಸಿದವನೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಮರುದಿನ ಸ್ಟುಡಿಯೋದಲ್ಲಿ ಬಾಗಿಲು ಎಳೆದುಕೊಂಡು ಅವನು ಆ ವಿಡಿಯೋದ ಕೆಳಗಿನ ಮಾತುಗಳನ್ನು ಓದುತ್ತ ಕೂತ. ಕನ್ನಡದಲ್ಲಿದ್ದವನ್ನು ಫೋನೇ ತಮಿಳಿಗೆ ಅರೆಬರೆ ತಿರುಗಿಸಿ ಕೊಡುತ್ತಿತ್ತು. ಅವನು ಹುಡುಕುತ್ತಿದ್ದದ್ದು ಒಂದೇ ಒಂದು ಮಾತು: ಬೆಳಕು. ಯಾರಾದರೂ ಒಬ್ಬ, ಆ ಬಿಸಿಲುಕೋಲನ್ನು ಕಂಡವನು. ಬೆರಳು ನೋಯುವವರೆಗೆ ಇಳಿಸಿದಮೇಲೆ ಸಿಕ್ಕಿತು. "ಕ್ಯಾಮೆರಾ ಯಾರದು? ಬೆಳಕು ಚೆನ್ನಾಗಿ ಹಿಡಿದಿದ್ದಾರೆ." ಎದೆ ಹಿಗ್ಗಿತು. ಅದರ ಕೆಳಗೆ ಇನ್ನೊಬ್ಬ ಉತ್ತರಿಸಿದ್ದ: "ಕ್ಯಾಮೆರಾ ಬಿಡಿ ಗುರು, ದನಿ ಕೇಳಿ." ಆ ಉತ್ತರಕ್ಕೆ ಸಾವಿರಾರು ಜನ ಮೆಚ್ಚುಗೆ ಒತ್ತಿದ್ದರು. ಶಿವಲಿಂಗಂ ಫೋನು ಕೆಳಗಿಟ್ಟ. ಹೊಟ್ಟೆಯಲ್ಲಿ ಏನೋ ಕಾದಂತಾಯಿತು. ಇದಕ್ಕೊಂದು ಹೆಸರಿದೆ, ಅದನ್ನು ಅವನು ತನ್ನ ವಿಷಯದಲ್ಲಿ ಯಾವತ್ತೂ ಬಳಸಿರಲಿಲ್ಲ. ಊರಿನ ಬೇರೆ ಫೋಟೋದವರು ಡ್ರೋನು ತಂದಾಗ, ದೊಡ್ಡ ದೊಡ್ಡ ಮದುವೆ ಹಿಡಿದಾಗ, ಅವನು ನಿಜವಾಗಿಯೂ ಸುಮ್ಮನಿದ್ದ. ಅವರದು ವ್ಯಾಪಾರ, ತನ್ನದು ಕಣ್ಣು ಎಂಬ ಒಂದು ಗುಟ್ಟಿನ ಗರ್ವ ಅವನನ್ನು ಕಾಯುತ್ತಿತ್ತು. ಈ ಹುಡುಗಿ ಅದರ ಮೇಲೇ ಕಾಲಿಟ್ಟು ದಾಟಿ ಹೋಗಿದ್ದಳು, ಹೋಗುವಾಗ ಮಾಮಾ ಎಂದು ಕರೆದೂ ಹೋಗಿದ್ದಳು. ವಿಡಿಯೋ ಹಾಕುವ ಮೊದಲು ಅವಳು ಅವನಿಗೆ ಮೆಸೇಜೂ ಕಳಿಸಿದ್ದಳು, ನಿಮ್ಮ ಚಿತ್ರದ ಬಗ್ಗೆ ಒಂದು ಕೇಳಬೇಕು ಎಂದು. ಕೇಳುವುದೇನಿದೆ, ಮೊದಲು ಒಂದು ಮಾತು ಚೆನ್ನಾಗಿದೆ ಎಂದು ಹೇಳಲಿ, ಎಂದುಕೊಂಡು ಅವನು ಉತ್ತರಿಸಿರಲಿಲ್ಲ.

ಕೊಯಮತ್ತೂರಿನಲ್ಲಿ ಹರಿಹರನ್ ಇದ್ದ. ಒಂದೇ ಕೇರಿಯ, ಒಂದೇ ಬೆಂಚಿನ ಗೆಳೆಯ, ಈಗ ವಕೀಲ. ಉಕ್ಕಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನು ಮಾಡಿದರೆ ಕೆರೆಯ ದಂಡೆಗೇ ಬಂದ. ಮೀನುಮಾರ್ಕೆಟಿನ ವಾಸನೆ ಗಾಳಿಯ ಜೊತೆ ಬಂದುಹೋಗುತ್ತಿತ್ತು. ಹರಿಹರನ್ ವಿಡಿಯೋವನ್ನು ಮತ್ತೊಮ್ಮೆ ನೋಡಿದ, ಅಂದರೆ ಮೊದಲೇ ನೋಡಿದ್ದ. ಬೀರುವಿನ ಮಾತು ಬಂದಾಗ ನಗು ತಡೆಯಲು ಅವನ ತುಟಿ ಬಿಗಿದದ್ದನ್ನು ಶಿವಲಿಂಗಂ ಗಮನಿಸಿದ.

"ಚಿತ್ರ ನಿಂದು. ಅದರಲ್ಲಿ ಎರಡು ಮಾತಿಲ್ಲ" ಎಂದ ಹರಿಹರನ್.

"ಹಂಗಾದ್ರೆ ಕಳ್ಳತನ ತಾನೆ?"

"ಹಂಗೇ ಎತ್ತಿ ಹಾಕಿದ್ರೆ ಕಳ್ಳತನ. ಅವಳು ಅದರ ಮೇಲೆ ಬೇರೆ ಏನೋ ಕಟ್ಟಿದಾಳಲ್ಲಪ್ಪ. ಅಣಕಕ್ಕೆ, ಟೀಕೆಗೆ ಕಾನೂನಲ್ಲೇ ಸ್ವಲ್ಪ ಜಾಗ ಬಿಟ್ಟಿದಾರೆ. ಎಷ್ಟು ಅಂತ ಕೇಳಬೇಡ, ಅದು ಜಡ್ಜಿಗೆ ಜಡ್ಜಿಗೆ ಬೇರೆ. ಆ ಜಾಗ ಮುಚ್ಚಿಬಿಟ್ರೆ ನಾಳೆ ಯಾರೂ ಯಾರ ಮಾತನ್ನೂ ಆಡಿ ತೋರಿಸಂಗಿಲ್ಲ. ಪೂರ್ತಿ ತೆರೆದುಬಿಟ್ರೆ ನೀನು ಕ್ಯಾಮೆರಾ ಮಾರಿ ಮನೇಲಿ ಕೂರಬೇಕು. ನಡುವೆ ಎಲ್ಲೋ ಬದುಕ್ತಾ ಇದೀವಿ."

"ಕೋರ್ಟಿಗೆ ಹೋದ್ರೆ?"

"ನೀನೂ ಗೆಲ್ಲಬಹುದು, ಅವಳೂ ಗೆಲ್ಲಬಹುದು. ಅಲ್ಲಿವರೆಗೆ ಯಾಕೆ? ಇಂಟರ್ನೆಟ್ಟಲ್ಲಿ ದೂರು ಒತ್ತು. ಮೊದಲು ತೆಗೀತಾರೆ, ಆಮೇಲೆ ಕೇಳ್ತಾರೆ. ಅವಳು ಎದುರು ಹೇಳಬೇಕಾದ್ರೆ ಹೆಸರು ವಿಳಾಸ ಕೊಟ್ಟು ಕೋರ್ಟಿಗೂ ರೆಡಿ ಅಂತ ಒಪ್ಕೋಬೇಕು. ಹಾಸ್ಟೆಲಲ್ಲಿರೋ ಹುಡುಗಿ. ಹೆದರ್ತಾಳೆ." ಹರಿಹರನ್ ಕೆರೆಯ ಕಡೆ ತಿರುಗಿದ. "ಒಂದು ಕೇಳ್ಲಾ? ಅವಳು ಇದನ್ನ ಹಾಕಿ, ನಾಲ್ಕು ಜನಾನೂ ನೋಡದೇ ಹೋಗಿದ್ರೆ, ನೀನು ಬಸ್ಸು ಹತ್ತಿ ಬರ್ತಿದ್ದೆಯಾ?"

ಕೆರೆಯಲ್ಲಿ ಒಂದು ಕೊಕ್ಕರೆ ಒಂಟಿಕಾಲಿನಲ್ಲಿ ನಿಂತಿತ್ತು. ಶಿವಲಿಂಗಂ ಅದನ್ನೇ ನೋಡಿದ. ಹಿನ್ನೆಲೆಯ ಸೇತುವೆಯನ್ನು ಮಸುಕು ಮಾಡಿ, ನೀರಿನ ಹೊಳಪನ್ನು ಎಡಕ್ಕೆ ಬಿಟ್ಟು, ಹೇಗೆ ಹಿಡಿಯಬಹುದೆಂದು ಕಣ್ಣು ತಾನಾಗಿ ಲೆಕ್ಕ ಹಾಕಿತು. ಹರಿಹರನ್ ತನಗೆ ಸ್ನೇಹಿತನೋ ಅವಳ ಕಡೆಯವನೋ ಎಂಬ ಪ್ರಶ್ನೆ ಮೆಟ್ಟುಪಾಳ್ಯಂ ಬಸ್ಸಿನಲ್ಲಿ ಅವನ ಜೊತೆಗೇ ಕೂತು ಬಂತು. ಕಾರಮಡೈ ದಾಟುವಾಗ ಮುಂದಿನ ಸೀಟಿನಲ್ಲಿ ಯಾರೋ ಯಾವುದೋ ವಿಡಿಯೋ ನೋಡಿ ನಕ್ಕರು. ಅದು ಬೇರೆ ಯಾವುದೋ ಇದ್ದಿರಬಹುದು. ಸ್ಟುಡಿಯೋ ತಲುಪಿ, ನೀರೂ ಕುಡಿಯದೆ ಕಂಪ್ಯೂಟರಿನ ಮುಂದೆ ಕೂತು ದೂರು ತುಂಬಿದ. ಈ ಕೃತಿಯ ಒಡೆಯ ನೀವೇ ಎಂದು ಪ್ರಮಾಣ ಮಾಡುತ್ತೀರಾ ಎಂದು ಅದು ಕೇಳಿತು. ಇಬ್ಬರು ಮುದುಕಿಯರ ಮುಖ ತೆರೆಯ ಇನ್ನೊಂದು ಮೂಲೆಯಲ್ಲಿ ನಿಂತುಬಿಟ್ಟಿತ್ತು, ಕಮಲಾತಾಳಿನ ಬಾಯಿ ಅರ್ಧ ತೆರೆದು. ಪ್ರಮಾಣ ಮಾಡಿದ.

ಎರಡು ದಿನದಲ್ಲಿ ವಿಡಿಯೋ ಹೋಯಿತು. ಇದ್ದ ಜಾಗದಲ್ಲಿ ಬೂದಿ ಬಣ್ಣದ ಒಂದು ಚೌಕ, ಕೃತಿಸ್ವಾಮ್ಯದ ದೂರಿನಿಂದ ತೆಗೆಯಲಾಗಿದೆ ಎಂಬ ಒಂದು ಸಾಲು, ಅದರಲ್ಲಿ ಅವನ ಹೆಸರು. ತನ್ನ ಹೆಸರನ್ನು ಅಷ್ಟು ಜನ ಗಮನಿಸಿ ಓದುವುದು ಇದೇ ಮೊದಲು ಎಂದು ಹೊಳೆದಾಗ ನಗುವೂ ಬಂತು, ಕಿವಿಯೂ ಬಿಸಿಯಾಯಿತು. ಗೆದ್ದ ಖುಷಿ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಎದುರಿನ ಅಂಗಡಿಗೆ ಹೋಗಿ ಒಂದು ಕಾಫಿ ಕುಡಿದ, ಇನ್ನೊಂದು ಹೇಳಿದ. ಮನೆಗೆ ಬಂದರೆ ಅವ್ವ ಫೋನನ್ನು ತಿರುವಿ ಮುರುವಿ ನೋಡುತ್ತಿದ್ದಳು. "ಕಮಲಾ ಬರ್ತಾ ಇಲ್ಲ ಲಿಂಗೂ. ಕರೆಂಟಿಲ್ವಾ?" ಅವನು ಫೋನು ತೆಗೆದುಕೊಂಡು, ಸುಮ್ಮನೆ ಅಲ್ಲಿ ಇಲ್ಲಿ ಒತ್ತಿ, "ಸಿಗ್ನಲ್ ಇಲ್ಲ ಅವ್ವಾ" ಎಂದ. ಒಳಬಾಗಿಲಲ್ಲಿ ಸತ್ಯಾ ನಿಂತಿದ್ದಳು. ಕೇರಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಅವಳಿಗೂ ಗೊತ್ತಿತ್ತು. ಅವನ ತಟ್ಟೆಗೆ ಬಡಿಸಿ, ತನ್ನ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೂತು ಉಂಡಳು. "ಸಿಗ್ನಲ್ ಬಂತಾ" ಎಂದು ಅವ್ವ ಎರಡು ದಿನ ಕೇಳಿದಳು. ಮೂರನೆಯ ದಿನ ಕೇಳಲಿಲ್ಲ. ಕೇಳದಿದ್ದದ್ದು ಅವನಿಗೆ ಸಹಿಸಲಾಗಲಿಲ್ಲ. ತನ್ನ ಮೂಲ ಚಿತ್ರವನ್ನೇ ಹಾಕಿ ಅವಳ ಕಿವಿಗಿಟ್ಟ. ಕೊಳಲು ಬಂತು, ಅವನ ದನಿ ಬಂತು, ಜೀರ್ಣ ಹಸ್ತಗಳು ಬಂದವು. ಅವ್ವ ಸ್ವಲ್ಪ ಹೊತ್ತು ಕೇಳಿ ಮರ್ಯಾದೆಯಿಂದ ಫೋನು ವಾಪಸು ಕೊಟ್ಟಳು. "ಯಾರೋ ರೇಡಿಯೋದೋರು ಮಾತಾಡ್ತಾರೆ" ಎಂದಳು.

ಭಾನುವಾರ ಮಧ್ಯಾಹ್ನ ಅಭಿನಯಾ ಸ್ಟುಡಿಯೋಗೆ ಬಂದಳು. ಬರುತ್ತಾಳೆಂದು ಅವನಿಗೆ ಗೊತ್ತಿತ್ತು. ಬಂದಾಗ ಏನು ಹೇಳಬೇಕೆಂದು ಸಾಲುಸಾಲು ಮಾತು ಹೊಸೆದಿಟ್ಟುಕೊಂಡಿದ್ದ: ಕಷ್ಟಪಟ್ಟವರ ಕಷ್ಟ, ಕೇಳಿ ತೆಗೆದುಕೊಳ್ಳುವ ಮರ್ಯಾದೆ, ಕಲೆಯೆಂದರೆ ನಗಿಸುವುದಷ್ಟೇ ಅಲ್ಲ ಎಂಬುದು. ಅಳುವ ಹುಡುಗಿಗಾಗಿ ತಯಾರಾಗಿದ್ದ. ಬಂದವಳು ಬಸ್ಸಿನ ಧೂಳು ಒರೆಸಿಕೊಂಡು, ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟೂಲಿನ ಮೇಲೆ, ನೀಲಿ ಪರದೆಯ ಮುಂದೆ ಕೂತಳು. ಅಲ್ಲಿ ಕೂತವರೆಲ್ಲ ಗದ್ದ ಎತ್ತಿ ನೇರವಾಗುತ್ತಾರೆ. ಅವಳು ಬೆನ್ನು ಬಗ್ಗಿಸಿ ಕೂತಿದ್ದಳು, ಥೇಟು ಕಮಲಾತಾಳ್.

"ತಪ್ಪಾಯ್ತುಂಗ ಮಾಮಾ. ಕೇಳಿ ಹಾಕಬೇಕಿತ್ತು. ಮೆಸೇಜ್ ಹಾಕಿದ್ದೆ, ನೀವು ನೋಡಿರಲಿಲ್ಲ ಅನ್ಸತ್ತೆ."

"ಕೆಲಸದಲ್ಲಿ..." ಎಂದ ಶಿವಲಿಂಗಂ.

"ಪರವಾಯಿಲ್ಲೆ. ಅದು ಹೋದ್ರೆ ಹೋಗ್ಲಿ, ಚಿತ್ರ ನಿಮ್ದು. ನಾನು ಬೇರೆ ಒಂದು ಕೇಳೋಕೆ ಬಂದೆ. ಆವಾಗ್ಲೂ ಅದನ್ನೇ ಕೇಳಬೇಕು ಅಂತಿದ್ದೆ." ಅವಳು ಸ್ಟೂಲನ್ನು ಮುಂದೆ ಎಳೆದುಕೊಂಡಳು. "ಆ ದಿನದ ನಿಜವಾದ ಸವುಂಡು ನಿಮ್ಮ ಹತ್ರ ಇದೆಯಾ ಮಾಮಾ? ಪಾಟಿ, ನಮ್ಮ ಅಜ್ಜಿ, ಮಾತಾಡಿದ್ದು?"

ಅವನು ಹೊಸೆದಿಟ್ಟ ಯಾವ ಮಾತೂ ಇದಕ್ಕೆ ಹೊಂದಲಿಲ್ಲ. "ಯಾಕೆ?" ಎಂದ.

"ನಮ್ಮ ಹತ್ರ ಪಾಟಿ ದನಿ ಒಂದೂ ಇಲ್ಲ. ಫೋನು ಬಂದ್ರೆ ನನ್ನ ಕೈಗೆ ಕೊಟ್ಬಿಡ್ತಿದ್ಲು. ಅದಕ್ಕೇ ನಿಮ್ಮ ಚಿತ್ರಾನ ತುಂಬ ಸಲ ನೋಡ್ದೆ. ಸವುಂಡು ತೆಗೆದು, ಮೆಲ್ಲಗೆ ಓಡಿಸಿ, ತುಟಿ ನೋಡಿ ನೋಡಿ. ಹಾಸ್ಟೆಲಲ್ಲಿ ಪೋರ್ವೆ ಹೊದ್ಕೊಂಡು. ಕೆಲವು ಮಾತು ಸಿಕ್ತು. ಉಪ್ಪು ಅಂತಾಳೆ. ಮಂಗಳವಾರ ಅಂತಾಳೆ. ಸಿಗದೇ ಇರೋ ಕಡೆ ನಾನೇ ಏನೋ ತುಂಬ್ದೆ. ಚುಮ್ಮಾ ಆಟಕ್ಕೆ ಶುರು ಮಾಡಿದ್ದು, ರೂಮಿನ ಹುಡುಗೀರು ನಕ್ಕರು, ಹಾಕ್ಬಿಟ್ಟೆ." ಅವಳು ಬೆರಳ ಉಗುರು ನೋಡಿಕೊಂಡಳು. "ಒಂದು ಕಡೆ ನನ್ನ ಹೆಸರು ಹೇಳ್ತಾಳೆ ಮಾಮಾ. ಅಬೀ ಅಂತ. ತುಟಿ ಮುಚ್ಚಿ ತೆರೆಯತ್ತೆ, ಅದು ನನ್ನ ಹೆಸರೇ. ಹೇಳಿ ಪೆರಿಯನಾಯಕಿ ಅವ್ವನ ಕಡೆ ನೋಡಿ ನಗ್ತಾಳೆ. ಅದಾದ್ಮೇಲೆ ಏನು ಹೇಳಿದ್ಲು ಅಂತ ಎಷ್ಟು ನೋಡಿದ್ರೂ ಗೊತ್ತಾಗ್ಲಿಲ್ಲ. ಅಲ್ಲಿಗೇ ಬೀರುವಿನ ಮಾತು ಹಾಕಿದ್ದು."

ಸ್ಟುಡಿಯೋದ ಫ್ಯಾನು ಕ್ಯಾಲೆಂಡರನ್ನು ಗೋಡೆಗೆ ಬಡಿಯುತ್ತಿತ್ತು. ಶಿವಲಿಂಗಂ ಎದ್ದು ಅದನ್ನು ನಿಲ್ಲಿಸಿದ, ಸೆಖೆಯೆನಿಸಿ ಮತ್ತೆ ಹಾಕಿದ. ಆ ಸದ್ದಿದ್ದ ಮೆಮೊರಿ ಕಾರ್ಡು ಏನಾಯಿತೆಂದು ಅವನಿಗೆ ಗೊತ್ತಿತ್ತು. ಚಿತ್ರ ಮುಗಿದ ವಾರವೇ ಅದನ್ನು ಅಳಿಸಿ ಅನ್ನೂರಿನ ಒಂದು ಗೃಹಪ್ರವೇಶ ತೆಗೆದಿದ್ದ. ಆ ದಿನ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಿಂತವನು ಅವನು, ಕಮಲಾತಾಳ್ ಆಡಿದ ಒಂದೊಂದು ಮಾತೂ ಇಷ್ಟು ಹತ್ತಿರದಲ್ಲಿ ಅವನ ಕಿವಿಯೊಳಗೇ ಬಿದ್ದಿತ್ತು. ಈಗ ನೆನಪು ಮಾಡಿಕೊಳ್ಳಲು ಹೋದರೆ ಬಿಸಿಲುಕೋಲು ಬರುತ್ತದೆ, ನೂಲು ಹೊತ್ತಿಕೊಳ್ಳುತ್ತದೆ, ಮುದುಕಿಯ ತುಟಿ ಅಲುಗುತ್ತದೆ. ಅಬೀ. ಆಮೇಲೆ? ಏನೂ ಇಲ್ಲ. ಅವನು ಆಗ ಕೇಳಿಸಿಕೊಂಡದ್ದು ರಾಟೆಯ ಸದ್ದು ಹೆಚ್ಚಾಯಿತೆಂಬುದನ್ನು ಮಾತ್ರ. ನಾಚಿಕೆ ಬರಬೇಕಾಗಿತ್ತು, ಬರುವ ಹಾದಿಯಲ್ಲೂ ಇತ್ತು, ಆದರೆ ಅದಕ್ಕಿಂತ ಮೊದಲು ಬಂದದ್ದು ಬೇರೆ. ಈ ಹುಡುಗಿ ಅವನ ಚಿತ್ರವನ್ನು ಒಂದೊಂದು ಚೂರಾಗಿ, ಹೊದಿಕೆಯ ಕತ್ತಲಲ್ಲಿ, ಲೋಕದಲ್ಲಿ ಇನ್ನಾರೂ ನೋಡದಷ್ಟು ನೋಡಿದ್ದಾಳೆ. ಮೂರು ವರ್ಷ ಅವನು ಕಾದದ್ದು ಇಂಥ ಒಬ್ಬಳಿಗಾಗಿ. ಮತ್ತು ಅವಳು ಅಷ್ಟು ನೋಡಿಯೂ ಅವನ ಬೆಳಕನ್ನು ನೋಡಿರಲಿಲ್ಲ. ಅದರ ಹಿಂದೆ ಇದ್ದದ್ದನ್ನು, ಅವನು ಒರೆಸಿಹಾಕಿದ್ದನ್ನು ಹುಡುಕುತ್ತಿದ್ದಳು. ಸತ್ತ ಮುದುಕಿಯ ಮೇಲೂ ತನಗೆ ಹೊಟ್ಟೆಕಿಚ್ಚಾಗಬಲ್ಲುದು ಎಂದು ಅವನಿಗೆ ಗೊತ್ತಿರಲಿಲ್ಲ.

"ಹುಡುಕ್ತೀನಿ" ಎಂದ. "ಹಳೇ ಕಾರ್ಡು ಎಲ್ಲೋ ಇರಬಹುದು."

ಅವಳ ಮುಖ ಬೆಳಗಿದ ರೀತಿಯನ್ನು ಅವನು ನೋಡಲಾರದೆ ಲೆನ್ಸಿನ ಮುಚ್ಚಳ ಹುಡುಕುವವನಂತೆ ಬಗ್ಗಿದ. "ಸರಿಂಗ ಮಾಮಾ. ಸಿಗದಿದ್ರೂ ಪರವಾಯಿಲ್ಲೆ" ಎಂದಳು. ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, "ಆ ವಿಡಿಯೋ ವಾಪಸು ಬರೋಹಂಗೆ ಬೇಕಾದ್ರೆ..." ಎಂದು ಅವನೇ ಶುರುಮಾಡಿದ. "ಬೇಡಂಗ. ಆ ಚಿತ್ರ ನಿಮ್ದೇ ಅಲ್ವಾ" ಎಂದಳು ಅವಳು, ಯಾವ ಕೊಂಕೂ ಇಲ್ಲದೆ. ದೂರು ಹಿಂತೆಗೆದುಕೊಳ್ಳುವುದು ಒಂದು ಗುಂಡಿ ಒತ್ತುವಷ್ಟು ಸುಲಭ. ಅವನು ಆ ಪುಟವನ್ನು ಅವತ್ತು ತೆರೆದ, ಮರುದಿನವೂ ತೆರೆದ. ಬೇಡ ಅಂದಳಲ್ಲ, ಎಂದುಕೊಂಡು ಮುಚ್ಚಿದ. ಹಳೆಯ ಕಾರ್ಡುಗಳ ಡಬ್ಬಿಯನ್ನೂ ಒಮ್ಮೆ ಬಗೆದ, ಇಲ್ಲವೆಂದು ಗೊತ್ತಿದ್ದೂ, ಯಾರೋ ನೋಡುತ್ತಿರುವಂತೆ.

ಒಂದು ಬೆಳಗ್ಗೆ ಹಲ್ಲುಜ್ಜುತ್ತ ಹಿತ್ತಲಲ್ಲಿ ನಿಂತಿದ್ದಾಗ ಜಗುಲಿಯಿಂದ ಕಮಲಾತಾಳಿನ ದನಿ ಕೇಳಿಸಿತು. ಬ್ರಷ್ಷು ಬಾಯಲ್ಲೇ ಇತ್ತು. ಹೋಗಿ ನೋಡಿದರೆ ಅವ್ವನ ಕಿವಿಯ ಹತ್ತಿರ ಫೋನು, ಪಕ್ಕದಲ್ಲಿ ಸತ್ಯಾ. "ಅಭಿ ಹೊಸದು ಹಾಕಿದಾಳೆ" ಎಂದಳು ಸತ್ಯಾ, ಅವನ ಕಡೆ ನೋಡದೆ. ಬಾಯಿ ತೊಳೆದು ಬಂದು, ಕೈಚಾಚಿ ಫೋನು ಇಸಕೊಂಡ. ಚಿತ್ರವಿರಲಿಲ್ಲ. ಪರದೆಯ ತುಂಬ ಕಪ್ಪು. ಅದರ ಗಾಜಿನಲ್ಲಿ ಜಗುಲಿಯ ಹೆಂಚು, ಒಣಹಾಕಿದ ಟವೆಲು ಕಾಣುತ್ತಿದ್ದವು. ಕೆಳಗೆ ನೋಡಿದವರ ಸಂಖ್ಯೆ ಹಳೆಯದನ್ನೂ ಮೀರಿತ್ತು. ಕಣ್ಣು ಮುಚ್ಚಿಕೊಂಡು ಕೇಳಿ, ಎಂದು ಒಬ್ಬ ಬರೆದಿದ್ದ, ನಮ್ಮಜ್ಜಿ ಮನೆ ಕಾಣತ್ತೆ. ಚಿತ್ರ ಬೇಕಾಗಿರಲಿಲ್ಲ. ಕಾನೂನು ಅವನ ಪಾಲನ್ನು ಒಂದಿಷ್ಟೂ ಕಡಿಮೆಯಾಗದಂತೆ ಅಳೆದು ಅವನಿಗೆ ವಾಪಸು ಕೊಟ್ಟಿತ್ತು, ಉಳಿದದ್ದರಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಅವನು ನಿಂತೇ ಇದ್ದ. ಒಳಗೆ ಕುಕ್ಕರು ಕೂಗಿತು. ಸತ್ಯಾ ಎದ್ದುಹೋದಳು.

"ಕೊಡು ಇಲ್ಲಿ. ಮೊದಲಿಂದ ಹಾಕು" ಎಂದಳು ಅವ್ವ.

ಅವನು ಹಾಕಿ, ಫೋನನ್ನು ಇಬ್ಬರ ನಡುವೆ ಹಿಡಿದು, ಅವಳ ಪಕ್ಕದಲ್ಲಿ ಕೂತ. ರಾಟೆಯ ಕಿರ್ರೂ ಇತ್ತು, ಎಲ್ಲಿಂದ ತಂದಳೋ. ಕಮಲಾತಾಳ್ ಉಪ್ಪಿನ ವಿಷಯ ತೆಗೆದಳು, ಮಂಗಳವಾರದ ವಿಷಯ ತೆಗೆದಳು. ಆಮೇಲೆ ಒಂದು ಮೂರನೆಯ ದನಿ ಬಂತು, ಗಂಡಸಿನದು, ಹುಡುಗಿ ಗಂಟಲು ದಪ್ಪ ಮಾಡಿ ಆಡಿದ್ದು. "ಅವ್ವಾ, ಮಾತಾಡಬೇಡಿ. ಸುಮ್ಮನೆ ನೂಲು ಸುತ್ತಿ. ಇತ್ತ ನೋಡಬೇಡಿ." ಶಿವಲಿಂಗಂ ಆ ಕಪ್ಪು ಪರದೆಯನ್ನೇ ನೋಡಿದ. ಇದನ್ನು ಅವನು ಹೇಳಿದ್ದ, ಇದೇ ಮಾತಿನಲ್ಲಿ ಹೇಳಿದ್ದ. ಅವಳಿಗೆ ಯಾರು ಹೇಳಿದರು? ಚೌಕಟ್ಟಿನ ಹೊರಗೆ ನಿಂತವನ ತುಟಿಯನ್ನು ಯಾರೂ ಓದಲಾರರು. ಹಳೆಯ ಚಿತ್ರದಲ್ಲಿ ಮುದುಕಿಯರಿಬ್ಬರೂ ಒಮ್ಮೆಗೇ ತಲೆ ತಗ್ಗಿಸಿದ್ದನ್ನು ನೋಡಿ ಊಹಿಸಿರಬೇಕು.

"ಮಾತಾಡದೆ ನೂಲು ಹೆಂಗೆ ಸುತ್ತೋದು ಸಾಮಿ? ಕೈ ಓಡೋದೇ ಬಾಯಿಂದ" ಎಂದಳು ಕಮಲಾತಾಳ್. ಪಕ್ಕದಲ್ಲಿ ನಿಜದ ಅವ್ವ ಫಕ್ಕನೆ ನಕ್ಕಳು. ಅವನಿಗೂ ನಗು ಬಂದುಬಿಟ್ಟಿತು, ತಡೆಯುವ ಮೊದಲೇ.

"ಬಿಡು ಕಮಲಾ" ಎಂದಳು ಫೋನಿನೊಳಗಿನ ಪೆರಿಯನಾಯಕಿ. "ಅವನು ಚಿಕ್ಕಂದಿಂದ ಹಂಗೇ. ಕೇಳಿಸ್ಕೊಳಲ್ಲ. ಆದ್ರೆ ನೋಡ್ತಾನೆ ನೋಡು, ಎಷ್ಟು ಚೆನ್ನಾಗಿ ನೋಡ್ತಾನೆ. ನಾನು ಒಣಗಿದ ನೆಲ್ಲಿಕಾಯಿ ಥರ ಸುಕ್ಕಾಗಿದೀನಿ, ಈ ಮಗ ನಿಂತು ನೋಡ್ತಾ ಇದ್ರೆ ನನಗೆ ಮದುವೆ ಹೆಣ್ಣಿನ ಹಂಗೆ ನಾಚಿಕೆ ಆಗತ್ತೆ."

ಮತ್ತೆ ರಾಟೆ. ಆಮೇಲೆ ಅದೂ ನಿಂತಿತು.

"ನಾನು ಹಂಗೆ ಹೇಳಿದ್ನಾ?" ಎಂದು ಅವ್ವ ತನ್ನಷ್ಟಕ್ಕೆ ಕೇಳಿಕೊಂಡಳು. ಸ್ವಲ್ಪ ಯೋಚಿಸಿದಳು. "ಹೇಳಿರ್ತೀನಿ." ಅವಳ ಕೈ ಗಾಳಿಯಲ್ಲಿ ನೂಲು ಹಿಡಿದಂತೆ ಒಮ್ಮೆ ಆಡಿ ಮಡಿಲಲ್ಲಿ ಬಿತ್ತು. "ಆ ಹುಡುಗ ಪಾಪ."

"ಯಾವ ಹುಡುಗ?"

"ಕ್ಯಾಮೆರಾ ಹಿಡಿದೋನು. ಕಮಲಾ ಕೈಲಿ ಬೈಸ್ಕೊಂಡ್ರೂ ಅಲ್ಲೇ ನಿಂತಿದಾನೆ. ಒಳ್ಳೇ ಹುಡುಗ."

ಅದು ನಾನೇ ಅವ್ವಾ ಎಂದು ಹೇಳಲು ಅವನು ಬಾಯಿ ತೆರೆದ. ಅವ್ವ ಆ ಹುಡುಗನ ಬಗ್ಗೆ ಇನ್ನೂ ಏನೋ ನೆನೆದು ಮುಗುಳ್ನಗುತ್ತಿದ್ದಳು. ಅಂಥ ನಗುವನ್ನು ಅವನು ಇಷ್ಟು ವರ್ಷ ಒಮ್ಮೆಯೂ ಕ್ಯಾಮೆರಾದಲ್ಲಿ ಹಿಡಿದಿರಲಿಲ್ಲ. ಅದು ಅವನ ಕಡೆ ತಿರುಗಿಯೂ ಇರಲಿಲ್ಲ. ಹೊಟ್ಟೆಯೊಳಗೆ ಅದೇ ಪರಿಚಯದ ಕಾವು ಎದ್ದಿತು. ಈ ಸಲ ಯಾರ ಮೇಲೆ ಎಂದು ನೋಡಿಕೊಂಡ. ಆ ಹುಡುಗನ ಮೇಲೆ. ಅವನಿಗೆ ಮುಖವಿರಲಿಲ್ಲ, ಚೌಕಟ್ಟಿರಲಿಲ್ಲ, ಯಾರಿಗೂ ದೂರು ಕೊಡುವಂತಿರಲಿಲ್ಲ. ಆ ಕಪ್ಪಿನೊಳಗೆ ಎಲ್ಲೋ, ಬೈಸಿಕೊಂಡು, ಹೊಗಳಿಸಿಕೊಂಡು, ಅವ್ವನ ಎದುರು ಸುಮ್ಮನೆ ನಿಂತಿದ್ದ.

"ಮತ್ತೆ ಹಾಕು ಲಿಂಗೂ" ಎಂದಳು ಅವ್ವ.

ಅವನು ಹಾಕಿದ. ಈ ಸಲ ಕಿವಿಗೊಟ್ಟು ಕೇಳಿದ.